ಕಸದ ಗಾಡಿ ಹೋದ ಮೇಲೆ: ಮಕ್ಕಳಿಗೆ ಪ್ಲಾಸ್ಟಿಕ್ ಬಗ್ಗೆ ಹೇಳಿಕೊಡುವುದು ಹೇಗೆ?

ಜೂನ್ ಮೊದಲ ವಾರ. ಶಾಲೆ ತೆರೆದು, ಹೊಸ ಪುಸ್ತಕಗಳಿಗೆ ಬೈಂಡ್ ಹಾಕಿ ಮುಗಿಯುವ ಮೊದಲೇ ವಿಶ್ವ ಪರಿಸರ ದಿನ ಬಂದುಬಿಡುತ್ತದೆ. ‘ಪ್ಲಾಸ್ಟಿಕ್ ಮಾಲಿನ್ಯದ ಕುರಿತು ಒಂದು ಮಾದರಿ ತಯಾರಿಸಿ’ ಎಂದು ಡೈರಿಯಲ್ಲಿ ಬರೆದುಕೊಂಡು ಮಗು ಮನೆಗೆ ಬರುತ್ತದೆ. ಆ ಸಂಜೆ ಸ್ಟೇಷನರಿ ಅಂಗಡಿಗಳಲ್ಲಿ ಥರ್ಮಾಕೋಲ್ ಹಾಳೆಗೆ ಎಲ್ಲಿಲ್ಲದ ಬೇಡಿಕೆ. ಥರ್ಮಾಕೋಲ್ ಕೂಡ ಪ್ಲಾಸ್ಟಿಕ್ಕೇ. ಅಲಂಕಾರಕ್ಕೆ ಬಳಸುವ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿದೆ. ಪ್ಲಾಸ್ಟಿಕ್ ಬೇಡವೆಂದು ಹೇಳುವ ಮಾದರಿ ಪ್ಲಾಸ್ಟಿಕ್ಕಿನ ಮೇಲೆಯೇ ಎದ್ದು ನಿಲ್ಲುತ್ತದೆ, ಮರುವಾರ ಕಸಕ್ಕೆ ಹೋಗುತ್ತದೆ.

ಪರಿಸರ ಶಿಕ್ಷಣ ಯಾರೋ ಉತ್ಸಾಹಿ ಶಿಕ್ಷಕರು ಹಚ್ಚಿಕೊಂಡ ಹವ್ಯಾಸವಲ್ಲ. ಪರಿಸರ ಹೋರಾಟದ ವಕೀಲ ಎಂ.ಸಿ. ಮೆಹ್ತಾ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಕೊಟ್ಟ ನಿರ್ದೇಶನದ ಕಾರಣದಿಂದ ಅದು ಪಠ್ಯದಲ್ಲಿ ಕಡ್ಡಾಯವಾಗಿ ಸೇರಿಕೊಂಡಿತು. ವಿಶ್ವ ಪರಿಸರ ದಿನದ ಘೋಷವಾಕ್ಯವೂ 2018, 2023 ಮತ್ತು 2025ರಲ್ಲಿ ಪ್ಲಾಸ್ಟಿಕ್ ಸುತ್ತಲೇ ಇತ್ತು. ಹಾಗಾಗಿ ಇವತ್ತಿನ ಮಕ್ಕಳಿಗೆ ‘ಪ್ಲಾಸ್ಟಿಕ್ ಬಳಸಬೇಡಿ’ ಎಂಬ ಮಾತು ಬಾಯಿಪಾಠವಾಗಿದೆ. ಅವರಿಗೆ ಗೊತ್ತಿಲ್ಲದಿರುವುದು ಬೇರೆ: ಪ್ಲಾಸ್ಟಿಕ್ ಏನು, ಅದೇಕೆ ಕೊಳೆಯುವುದಿಲ್ಲ, ಎಸೆದ ಮೇಲೆ ಎಲ್ಲಿಗೆ ಹೋಗುತ್ತದೆ. ಇವನ್ನು ಕೇಳಿದರೆ ಹಿರಿಯರೂ ತಡವರಿಸುತ್ತಾರೆ. ಈ ಬರಹ ಮುಖ್ಯವಾಗಿ ಆ ಹಿರಿಯರಿಗಾಗಿ.

ಪ್ಲಾಸ್ಟಿಕ್ ಎಂದರೇನು?

ಮಕ್ಕಳು ಅಂಗಳದಲ್ಲಿ ರೈಲಾಟ ಆಡುವುದನ್ನು ನೆನಪಿಸಿಕೊಳ್ಳಿ. ಒಬ್ಬರ ಅಂಗಿಯನ್ನು ಹಿಂದಿನವರು ಹಿಡಿದು ಸಾಲು ಕಟ್ಟುತ್ತಾರೆ. ಬಿಡಿಯಾಗಿದ್ದಾಗ ಮನಸ್ಸು ಬಂದ ಕಡೆ ಓಡುತ್ತಿದ್ದ ಮಕ್ಕಳು ಈಗ ಒಂದು ಉದ್ದ ಸಾಲಾಗಿ ಚಲಿಸುತ್ತಾರೆ. ಕಚ್ಚಾ ತೈಲ ಅಥವಾ ನೈಸರ್ಗಿಕ ಅನಿಲದಿಂದ ಪಡೆಯುವ ಎಥಿಲೀನ್ ಎಂಬ ಅನಿಲದ ಅಣುಗಳೂ ಹೀಗೆಯೇ. ಬಿಡಿಬಿಡಿಯಾಗಿದ್ದರೆ ಅನಿಲ, ಸಾವಿರಾರು ಅಣುಗಳು ಒಂದಕ್ಕೊಂದು ಹಿಡಿದು ಸಾಲು ಕಟ್ಟಿದರೆ ಘನವಸ್ತು. ಆ ಸಾಲಿನ ಹೆಸರು ಪಾಲಿಥೀನ್. ನಾವು ‘ಕವರ್’ ಎಂದು ಕರೆಯುವ ಕೈಚೀಲ, ಹಾಲಿನ ಪ್ಯಾಕೆಟ್ಟು ಎಲ್ಲವೂ ಇದರಿಂದಲೇ ಆದವು. ಇಂಥ ಉದ್ದ ಸರಪಳಿಗಳಿಗೆ ರಸಾಯನಶಾಸ್ತ್ರದಲ್ಲಿ ಪಾಲಿಮರ್ ಎನ್ನುತ್ತಾರೆ.

ಪಾಲಿಮರ್‌ಗಳನ್ನು ಮನುಷ್ಯ ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ. ಅನ್ನದಲ್ಲಿರುವ ಪಿಷ್ಟ, ಹತ್ತಿಯ ನಾರು, ನಮ್ಮ ಕೂದಲು ಎಲ್ಲವೂ ಪಾಲಿಮರ್‌ಗಳೇ. ವ್ಯತ್ಯಾಸ ಇರುವುದು ಹಿಡಿತದಲ್ಲಿ. ಪಿಷ್ಟದ ಸರಪಳಿಯ ಕೊಂಡಿಯನ್ನು ಬಿಡಿಸುವ ಕಿಣ್ವಗಳು ಮಣ್ಣಿನ ಸೂಕ್ಷ್ಮಜೀವಿಗಳ ಬಳಿ ಕೋಟ್ಯಂತರ ವರ್ಷಗಳಿಂದ ಇವೆ. ನಮ್ಮ ಜೊಲ್ಲಿನಲ್ಲಿಯೂ ಇದೆ. ಪಾಲಿಥೀನ್ ಹುಟ್ಟಿದ್ದು 1933ರಲ್ಲಿ, ಇಂಗ್ಲೆಂಡಿನ ಒಂದು ಪ್ರಯೋಗಾಲಯದಲ್ಲಿ, ಹೆಚ್ಚುಕಡಿಮೆ ಆಕಸ್ಮಿಕವಾಗಿ. ಅದರಲ್ಲಿ ಇಂಗಾಲದ ಪರಮಾಣುಗಳು ಒಂದನ್ನೊಂದು ಹಿಡಿದಿರುವ ರೀತಿಯನ್ನು ಸಡಿಲಿಸುವ ಉಪಾಯ ಮಣ್ಣಿನ ಬಹುಪಾಲು ಜೀವಿಗಳಿಗೆ ತಿಳಿಯದು. ಬಾಳೆ ಎಲೆ ಕೊಳೆಯುವುದಕ್ಕೂ ಕವರ್ ಕೊಳೆಯದಿರುವುದಕ್ಕೂ ಕಾರಣ ಇಷ್ಟೆ.

ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಮಣ್ಣಿನಲ್ಲಿ ತೋರಿಸುವುದು ಸುಲಭ. ಒಂದು ಹೂಕುಂಡದ ಮಣ್ಣಿನಲ್ಲಿ ಬಾಳೆ ಎಲೆಯ ಚೂರು, ಪತ್ರಿಕೆಯ ತುಂಡು, ಅಡಿಕೆ ಹಾಳೆ ತಟ್ಟೆಯ ಚೂರು, ಕವರಿನ ತುಂಡು ಮತ್ತು ಚಿಪ್ಸ್ ಪೊಟ್ಟಣದ ತುಂಡನ್ನು ಬೇರೆಬೇರೆ ಜಾಗದಲ್ಲಿ ಹೂತು, ಕಡ್ಡಿ ನೆಟ್ಟು ಗುರುತು ಮಾಡಿ. ಮಣ್ಣು ಒಣಗದಂತೆ ನೋಡಿಕೊಳ್ಳಿ. ಒಂದೆರಡು ತಿಂಗಳ ನಂತರ ಮಗುವೇ ಅಗೆದು ನೋಡಲಿ. ಬಾಳೆ ಎಲೆಯನ್ನು ಹುಡುಕಬೇಕಾಗುತ್ತದೆ. ಹಾಳೆ ತಟ್ಟೆ ಮೆತ್ತಗಾಗಿರುತ್ತದೆ. ಚಿಪ್ಸ್ ಪೊಟ್ಟಣದ ತುಂಡನ್ನು ತೊಳೆದರೆ ಅಕ್ಷರಗಳನ್ನೂ ಓದಬಹುದು. ಥರ್ಮಾಕೋಲ್ ಮಾದರಿಗಿಂತ ಶಾಲೆಗೆ ಒಯ್ಯಲು ಈ ಕುಂಡವೇ ಮೇಲು ಎಂದು ನನ್ನ ಎಣಿಕೆ.

‘ಸಾವಿರ ವರ್ಷ ಬೇಕು’ ಎಂಬ ಮಾತು

ಪ್ಲಾಸ್ಟಿಕ್ ಕೊಳೆಯಲು 450 ವರ್ಷ ಬೇಕು, 500 ಬೇಕು, ಸಾವಿರ ಬೇಕು ಎಂದು ಭಿತ್ತಿಪತ್ರಗಳು ಹೇಳುತ್ತವೆ. ಬೇಕೆಲೈಟ್ ಎಂಬ ಮೊದಲ ಸಂಪೂರ್ಣ ಕೃತಕ ಪ್ಲಾಸ್ಟಿಕ್ ಬಂದದ್ದೇ 1907ರಲ್ಲಿ. ಎಂದಮೇಲೆ ಐನೂರು ವರ್ಷ ಕಾದು ನೋಡಿದವರು ಯಾರೂ ಇಲ್ಲ. ಅವೆಲ್ಲ ಅಂದಾಜುಗಳು. ‘ಇದನ್ನು ಹೇಗೆ ಲೆಕ್ಕ ಹಾಕಿದರು?’ ಎಂದು ಮಗು ಕೇಳಿದರೆ ಆ ಪ್ರಶ್ನೆಯನ್ನು ಮೆಚ್ಚಿಕೊಳ್ಳಬೇಕು.

ಖಚಿತವಾಗಿ ಗೊತ್ತಿರುವುದು ಏನೆಂದರೆ ಪ್ಲಾಸ್ಟಿಕ್ ಕೊಳೆಯುವುದಿಲ್ಲ, ಪುಡಿಯಾಗುತ್ತದೆ. ಬಿಸಿಲಿನ ನೇರಳಾತೀತ ಕಿರಣ ಬಿದ್ದು ಸರಪಳಿಗಳು ಅಲ್ಲಲ್ಲಿ ತುಂಡಾಗುತ್ತವೆ. ತಾರಸಿಯ ಮೇಲೆ ವರ್ಷಗಟ್ಟಲೆ ಬಿದ್ದಿದ್ದ ಬಕೆಟ್ಟನ್ನು ಎತ್ತಿದಾಗ ಹಿಡಿ ಕೈಗೆ ಬರುವುದು, ಅಂಚು ಚೂರುಚೂರಾಗಿ ಉದುರುವುದು ಇದರಿಂದಲೇ. 5 ಮಿಲಿಮೀಟರಿಗಿಂತ ಚಿಕ್ಕದಾದ ಚೂರುಗಳಿಗೆ ಮೈಕ್ರೋಪ್ಲಾಸ್ಟಿಕ್ ಎಂದು ಹೆಸರು. ಬ್ರಿಟನ್ನಿನ ಸಾಗರ ವಿಜ್ಞಾನಿ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಹೆಸರು ಬಳಕೆಗೆ ಬಂತು. ಆಮೇಲೆ ಹುಡುಕಿದಲ್ಲೆಲ್ಲ ಅದು ಸಿಕ್ಕಿದೆ: ಶಾಂತ ಸಾಗರದ ಮರಿಯಾನಾ ಕಂದಕದ ಆಳದಲ್ಲಿ, ಎವರೆಸ್ಟ್ ಹಿಮದಲ್ಲಿ, 2022ರಲ್ಲಿ ನೆದರ್‌ಲ್ಯಾಂಡ್ಸ್ ವಿಜ್ಞಾನಿಗಳು ಪರೀಕ್ಷಿಸಿದ ಮನುಷ್ಯರ ರಕ್ತದಲ್ಲಿ.

ಇಲ್ಲಿ ಒಂದು ಎಚ್ಚರಿಕೆ. ರಕ್ತದಲ್ಲಿ ಸಿಕ್ಕಿದೆ ಎಂಬುದು ಒಂದು ಸಂಗತಿ. ಅದರಿಂದ ಯಾವ ಕಾಯಿಲೆ, ಎಷ್ಟರ ಮಟ್ಟಿಗೆ ಬರುತ್ತದೆ ಎಂಬುದು ಇನ್ನೊಂದು. ಎರಡನೆಯದರ ಸಂಶೋಧನೆ ಇನ್ನೂ ನಡೆಯುತ್ತಿದೆ. ಏಳು ವರ್ಷದ ಮಗುವಿಗೆ ‘ನಿನ್ನ ಮೈತುಂಬ ಪ್ಲಾಸ್ಟಿಕ್ ಇದೆ’ ಎಂದು ಹೇಳಿ ರಾತ್ರಿಯ ನಿದ್ದೆ ಕೆಡಿಸುವ ಅಗತ್ಯವಿಲ್ಲ. ಬದಲಿಗೆ ಅವರ ಸಮವಸ್ತ್ರದ ಒಳಗೆ ಹೊಲಿದಿರುವ ಲೇಬಲ್ ಓದಿಸಿ. ಪಾಲಿಯೆಸ್ಟರ್ ಎಂದು ಇದ್ದರೆ ಅದೂ ಪ್ಲಾಸ್ಟಿಕ್ ನೂಲು. ಒಗೆಯುವಾಗಲೆಲ್ಲ ಸಣ್ಣ ಎಳೆಗಳು ನೀರಿನೊಂದಿಗೆ ಹೋಗುತ್ತವೆ. ಕವರ್ ಬಿಟ್ಟರೆ ಪ್ಲಾಸ್ಟಿಕ್ ಬಿಟ್ಟಂತೆ ಎಂದುಕೊಂಡಿದ್ದ ಮಗುವಿಗೆ ವಿಷಯ ಎಷ್ಟು ದೊಡ್ಡದು ಎಂಬುದು ಹೊಳೆಯಲು ಇಷ್ಟು ಸಾಕು.

ತ್ರಿಕೋನದೊಳಗಿನ ಅಂಕಿ

ಡಬ್ಬಿ, ಬಾಟಲಿಗಳ ತಳದಲ್ಲಿ ಬಾಣಗಳ ತ್ರಿಕೋನ, ಅದರೊಳಗೆ 1ರಿಂದ 7ರವರೆಗಿನ ಒಂದು ಅಂಕಿ ಇರುತ್ತದೆ. ಇದು ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘ 1988ರಲ್ಲಿ ಶುರುಮಾಡಿದ ಗುರುತು. ತ್ರಿಕೋನ ಕಂಡ ಕೂಡಲೇ ‘ಇದು ಮತ್ತೆ ಹೊಸ ವಸ್ತುವಾಗುತ್ತದೆ’ ಎಂದು ಹಿರಿಯರೂ ನಂಬುತ್ತಾರೆ. ಅಂಕಿ ಹೇಳುವುದು ಯಾವ ಜಾತಿಯ ಪ್ಲಾಸ್ಟಿಕ್ ಎಂಬುದನ್ನಷ್ಟೆ. 1 ಎಂದರೆ ನೀರಿನ ಬಾಟಲಿಯ ಪೆಟ್, 2 ಶಾಂಪೂ ಬಾಟಲಿಯಂಥ ಗಟ್ಟಿ ಪಾಲಿಥೀನ್, 3 ಪೈಪುಗಳ ಪಿವಿಸಿ, 4 ಹಾಲಿನ ಪ್ಯಾಕೆಟ್ಟಿನ ಮೆತ್ತನೆಯ ಪಾಲಿಥೀನ್, 5 ಊಟದ ಡಬ್ಬಿಯ ಪಾಲಿಪ್ರೊಪಿಲೀನ್, 6 ಥರ್ಮಾಕೋಲ್, 7 ಉಳಿದದ್ದೆಲ್ಲ.

ಗುಜರಿ ಅಂಗಡಿಯವರು ಅಂಕಿ ನೋಡುವುದೇ ಇಲ್ಲ. ಕೈಯಲ್ಲಿ ಹಿಸುಕಿ, ಸದ್ದು ಕೇಳಿ ಬೇರೆ ಮಾಡುತ್ತಾರೆ. ಪೆಟ್ ಬಾಟಲಿಗೆ, ಹಾಲಿನ ಪ್ಯಾಕೆಟ್ಟಿಗೆ ಬೆಲೆ ಇದೆ. ಚಿಪ್ಸ್ ಪೊಟ್ಟಣವನ್ನು ಮುಟ್ಟಿಯೂ ನೋಡುವುದಿಲ್ಲ. ಆ ಪೊಟ್ಟಣದಲ್ಲಿ ಬೇರೆಬೇರೆ ಪ್ಲಾಸ್ಟಿಕ್ಕಿನ ಪದರಗಳ ಜೊತೆಗೆ ತೆಳ್ಳನೆಯ ಅಲ್ಯೂಮಿನಿಯಂ ಲೇಪವೂ ಅಂಟಿಕೊಂಡಿರುತ್ತದೆ. ಗಾಳಿ, ತೇವ ಒಳಗೆ ಹೋಗದೆ ಚಿಪ್ಸ್ ಗರಿಗರಿಯಾಗಿ ಉಳಿಯುವುದು ಅದರಿಂದ. ಪದರಗಳನ್ನು ಮತ್ತೆ ಬಿಡಿಸಲು ಆಗದಿರುವುದೂ ಅದರಿಂದಲೇ. ಮಗುವಿಗೆ ಅತಿ ಇಷ್ಟದ ಪೊಟ್ಟಣವೇ ಮರುಸಂಸ್ಕರಣೆಗೆ ಅತಿ ಕಷ್ಟದ್ದು.

ಜಗತ್ತು 1950ರಲ್ಲಿ ತಯಾರಿಸುತ್ತಿದ್ದ ಪ್ಲಾಸ್ಟಿಕ್ ಸುಮಾರು 20 ಲಕ್ಷ ಟನ್. 2019ರ ಹೊತ್ತಿಗೆ ಅದು ಸುಮಾರು 46 ಕೋಟಿ ಟನ್ ಆಗಿತ್ತು. ಆ ವರ್ಷ ಕಸವಾದ ಪ್ಲಾಸ್ಟಿಕ್ಕಿನಲ್ಲಿ ಮತ್ತೆ ವಸ್ತುವಾಗಿ ರೂಪ ಪಡೆದದ್ದು ಶೇ 9ರಷ್ಟು ಮಾತ್ರ ಎಂದು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ ಅಂದಾಜು ಮಾಡಿದೆ. ನೂರು ಚೌಕಗಳ ಹಾಳೆ ಕೊಟ್ಟು ಒಂಬತ್ತಕ್ಕೆ ಬಣ್ಣ ತುಂಬಿಸಿದರೆ ಮೂರನೇ ತರಗತಿಯ ಮಗುವಿಗೂ ಅರ್ಥವಾಗುತ್ತದೆ.

ಗಾಡಿ ಎಲ್ಲಿಗೆ ಹೋಗುತ್ತದೆ?

ಇದು ಮಕ್ಕಳು ತಾವಾಗಿ ಕೇಳುವ ಪ್ರಶ್ನೆ. ಬೆಂಗಳೂರಿನ ಮಟ್ಟಿಗೆ ಉತ್ತರ ಹೀಗಿದೆ. ಮನೆಯಲ್ಲಿಯೇ ಕಸ ಬೇರ್ಪಡಿಸಬೇಕೆಂದು ಹೈಕೋರ್ಟ್ ಆದೇಶಿಸಿದ ಮೇಲೆ ‘ಎರಡು ಡಬ್ಬಿ, ಒಂದು ಚೀಲ’ ಎಂಬ ಪದ್ಧತಿ 2015ರಲ್ಲಿ ಬಂತು. ಹಸಿರು ಡಬ್ಬಿಗೆ ಅಡುಗೆಮನೆಯ ಹಸಿ ಕಸ, ಕೆಂಪು ಡಬ್ಬಿಗೆ ಡೈಪರ್, ಬ್ಯಾಂಡೇಜಿನಂಥವು, ಚೀಲಕ್ಕೆ ಒಣ ಕಸ. ಹಸಿ ಕಸ ಗೊಬ್ಬರವಾಗಬೇಕು. ಒಣ ಕಸ ವಾರ್ಡಿನ ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರಕ್ಕೆ ಹೋಗಬೇಕು. ಅಲ್ಲಿ ಅದನ್ನು ಹತ್ತಾರು ಬಗೆಯಾಗಿ ವಿಂಗಡಿಸುವವರಲ್ಲಿ ಮೊದಲು ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೂ ಇದ್ದಾರೆ. ಬೆಲೆಯುಳ್ಳದ್ದು ಮರುಸಂಸ್ಕರಣೆಗೆ ಹೋಗುತ್ತದೆ. ಚಿಪ್ಸ್ ಪೊಟ್ಟಣದಂಥ ಬೆಲೆಯಿಲ್ಲದ ಪ್ಲಾಸ್ಟಿಕ್ಕನ್ನು ಸಿಮೆಂಟ್ ಕಾರ್ಖಾನೆಗಳು ಕಲ್ಲಿದ್ದಲಿನ ಜೊತೆ ಉರುವಲಾಗಿ ಬಳಸುತ್ತವೆ.

‘ಬೇಕು’ ಎಂದು ಬರೆದದ್ದನ್ನು ಗಮನಿಸಿ. ಎಲ್ಲವನ್ನೂ ಒಂದೇ ಕವರಿಗೆ ತುಂಬಿ ಗಂಟು ಹಾಕಿ ಎಸೆದರೆ ಈ ದಾರಿ ಮುಚ್ಚಿಹೋಗುತ್ತದೆ. ಸಾಂಬಾರು ಮೆತ್ತಿದ ಹಾಲಿನ ಪ್ಯಾಕೆಟ್ಟನ್ನು ಯಾರೂ ಕೊಳ್ಳುವುದಿಲ್ಲ. ಬೆರೆತ ಕಸ ಊರಾಚೆಯ ಗುಂಡಿಗೆ ಹೋಗುತ್ತದೆ, ಮತ್ತು ಆ ಊರಾಚೆ ಇನ್ನೊಬ್ಬರ ಊರು. ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಜನರೂ ಮಂಡೂರಿನ ಜನರೂ ಬಾವಿ ನೀರು ಕೆಟ್ಟಿತು, ದುರ್ವಾಸನೆ ತಡೆಯಲಾಗದು ಎಂದು ಹೋರಾಡಿದರು. ಮಾವಳ್ಳಿಪುರದಲ್ಲಿ 2012ರಲ್ಲಿ, ಮಂಡೂರಿನಲ್ಲಿ 2014ರ ಕೊನೆಗೆ ಕಸ ಸುರಿಯುವುದು ನಿಂತಿತು. ಆ ಊರುಗಳಲ್ಲಿಯೂ ಶಾಲೆಗೆ ಹೋಗುವ ಮಕ್ಕಳಿದ್ದರು ಎಂದು ಹೇಳಿದರೆ ಯಾವ ಮಗುವಿಗೂ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ.

ಮನೆಯಲ್ಲಿ ಮಗುವಿಗೆ ವಹಿಸಬಹುದಾದ ಒಂದು ಕೆಲಸ ಇದೆ: ಹಾಲಿನ ಪ್ಯಾಕೆಟ್ ಕತ್ತರಿಸುವುದು. ಮೂಲೆಯನ್ನು ಪೂರ್ತಿ ಕತ್ತರಿಸದೆ ತುದಿ ಅಂಟಿಕೊಂಡಿರುವಂತೆ ಬಿಡಬೇಕು, ಹಾಲು ಸುರಿದ ಮೇಲೆ ಪ್ಯಾಕೆಟ್ ತೊಳೆದು ಒಣಗಿಸಬೇಕು. ಉಗುರಿನಷ್ಟು ಮೂಲೆ ಬೇರೆಯಾದರೆ ಅದನ್ನು ಯಾರೂ ಆಯಲಾರರು; ಪ್ಯಾಕೆಟ್ಟಿಗೆ ಅಂಟಿಕೊಂಡಿದ್ದರೆ ಅದರ ಜೊತೆಗೇ ಗುಜರಿಗೆ ಹೋಗುತ್ತದೆ.

ಗಾಡಿಗೆ ಸಿಗದೆ ಉಳಿದದ್ದು

ಹಳ್ಳಿಗಳಲ್ಲಿ ಕಸದ ಗಾಡಿ ಬರುವುದು ಇತ್ತೀಚಿನ ಸಂಗತಿ. ಅಲ್ಲಿ ಪ್ಲಾಸ್ಟಿಕ್ ಸೇರುವುದು ಹಿತ್ತಿಲಿನ ಗುಂಡಿಗೆ, ಇಲ್ಲವೇ ಬೆಂಕಿಗೆ. ಬಚ್ಚಲೊಲೆಯ ಸೌದೆ ಹಸಿಯಾಗಿದ್ದರೆ ಉರಿ ಹಿಡಿಸಲು ಎರಡು ಕವರ್ ತುರುಕುವುದು ಎಷ್ಟೋ ಮನೆಗಳಲ್ಲಿ ರೂಢಿ. ಸಿಮೆಂಟ್ ಗೂಡಿನ ಒಳಗೆ ಸಾವಿರ ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖ ಇರುತ್ತದೆ, ಬಚ್ಚಲೊಲೆಯಲ್ಲಿ ಅಷ್ಟಿಲ್ಲ. ಅರೆಬರೆ ಸುಟ್ಟ ಪ್ಲಾಸ್ಟಿಕ್ ವಿಷದ ಹೊಗೆ ಬಿಡುತ್ತದೆ, ಪಿವಿಸಿಯಂಥದ್ದಾದರೆ ಡಯಾಕ್ಸಿನ್ ಎಂಬ ಅಪಾಯಕಾರಿ ವಸ್ತುವೂ ಹೊರಬರುತ್ತದೆ. ಅಜ್ಜಿಯನ್ನು ಗದರಿಸುವುದು ಮಗುವಿನ ಕೆಲಸವಲ್ಲ. ಒಣ ತರಗು, ತೆಂಗಿನ ಗರಿ ತಂದುಕೊಡುವ ಕೆಲಸವನ್ನು ಅದಕ್ಕೆ ವಹಿಸಬಹುದು.

ದನಗಳ ವಿಷಯ ಮಕ್ಕಳ ಮನಸ್ಸಿಗೆ ಬೇಗ ನಾಟುತ್ತದೆ. ಉಳಿದ ಅನ್ನ, ತರಕಾರಿ ಸಿಪ್ಪೆಯನ್ನು ಕವರಿನಲ್ಲಿ ಕಟ್ಟಿ ಎಸೆದಾಗ ಹಸುವಿಗೆ ಬಿಚ್ಚಿ ತಿನ್ನಲು ಬೆರಳಿಲ್ಲ. ಕವರಿನ ಸಮೇತ ನುಂಗುತ್ತದೆ. ಅದು ಹೊಟ್ಟೆಯ ಮೊದಲ ಕೋಣೆಯಲ್ಲಿ ಉಳಿದು ವರ್ಷಗಟ್ಟಲೆ ಸುರುಳಿಯಾಗಿ ಬೆಳೆಯುತ್ತದೆ, ಮೇವಿಗೆ ಜಾಗ ಕಡಿಮೆಯಾಗುತ್ತ ಹೋಗುತ್ತದೆ. ಶಸ್ತ್ರಚಿಕಿತ್ಸೆ ಮಾಡಿ ಹತ್ತಾರು ಕಿಲೋ ಪ್ಲಾಸ್ಟಿಕ್ ಹೊರತೆಗೆದ ಪಶುವೈದ್ಯರ ಸುದ್ದಿಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ.

ಉಳಿದದ್ದು ನೀರಿಗೆ. ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ಮಗುವಿಗೆ ಕಡಲಾಮೆಯ ಚಿತ್ರ ತೋರಿಸಿದರೆ ಅದು ಯಾರದೋ ಕಥೆಯಾಗುತ್ತದೆ. ಒಂದು ನಕ್ಷೆ ಹರಡಿ, ಮನೆ ಮುಂದಿನ ಮೋರಿಯಿಂದ ಶುರುಮಾಡಿ. ಬೆಂಗಳೂರು ಒಂದು ದಿಣ್ಣೆಯ ಮೇಲೆ ಕುಳಿತ ಊರು. ಪಶ್ಚಿಮದ ಬಡಾವಣೆಗಳ ಮಳೆನೀರು ರಾಜಕಾಲುವೆ ಹಿಡಿದು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಪೂರ್ವ ಇಳಿಜಾರಿನದ್ದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿಯಾಗಿ ತಮಿಳುನಾಡಿಗೆ ಇಳಿದು ಕಡಲೂರಿನ ಬಳಿ ಸಮುದ್ರ ಕಾಣುತ್ತದೆ. ಎರಡೂ ಮುಟ್ಟುವುದು ಬಂಗಾಳಕೊಲ್ಲಿಯನ್ನು. ಶಿವಮೊಗ್ಗದ ಮಗುವಿನ ನೀರು ತುಂಗೆಯಿಂದ ತುಂಗಭದ್ರೆಗೆ, ಕೃಷ್ಣೆಗೆ, ಮತ್ತೆ ಬಂಗಾಳಕೊಲ್ಲಿಗೆ. ಅದೇ ಜಿಲ್ಲೆಯ ಸಾಗರದ ಕಡೆಯ ಮಗುವಿನದು ಶರಾವತಿ ಹಿಡಿದು ಹೊನ್ನಾವರದಲ್ಲಿ ಅರಬ್ಬೀ ಸಮುದ್ರಕ್ಕೆ. ತಾನು ಬಿಸಾಡಿದ ಪೆನ್ನಿನ ಮುಚ್ಚಳ ಎಷ್ಟು ಜಿಲ್ಲೆ ದಾಟೀತು ಎಂದು ಬೆರಳಲ್ಲಿ ಗುರುತಿಸಿದ ಮೇಲೆ ಕಡಲಾಮೆಯ ಮಾತಿಗೆ ಅರ್ಥ ಬರುತ್ತದೆ. ನಮ್ಮ ಕರಾವಳಿಯಲ್ಲಿ ಮೊಟ್ಟೆಯಿಡಲು ಬರುವ ಆಮೆಗಳ ಗಂಟಲಿನಲ್ಲಿ ಹಿಮ್ಮುಖವಾದ ಮುಳ್ಳಿನಂಥ ರಚನೆಗಳಿವೆ. ಅಂಬಲಿ ಮೀನೆಂದು (ಜೆಲ್ಲಿಫಿಶ್) ಕವರನ್ನು ನುಂಗಿದರೆ ಉಗುಳಲು ಅವು ಬಿಡುವುದಿಲ್ಲ.

ಮಕ್ಕಳು ಕೇಳುವ ಕೆಲವು ಪ್ರಶ್ನೆಗಳು

*ಹಾಗಾದರೆ ಪ್ಲಾಸ್ಟಿಕ್ ಕೆಟ್ಟದ್ದಾ?* ರಕ್ತದ ಚೀಲ, ಸಲೈನ್ ನಳಿಕೆ, ಹೆಲ್ಮೆಟ್, ಮಳೆಗಾಲದ ರೇನ್‌ಕೋಟು ಎಲ್ಲವೂ ಪ್ಲಾಸ್ಟಿಕ್. ವರ್ಷಗಟ್ಟಲೆ ಬಾಳುವ ವಸ್ತುವಿನಿಂದ ಹತ್ತು ನಿಮಿಷ ಬಳಸಿ ಎಸೆಯುವ ಸ್ಟ್ರಾ ಮಾಡುವುದರಲ್ಲಿ ತೊಂದರೆ ಇದೆ.

*ಪೇಪರ್ ಕಪ್ ಒಳ್ಳೆಯದಲ್ಲವಾ?* ಚಹಾ ಸೋರದಂತೆ ಅದರ ಒಳಮೈಗೆ ತೆಳ್ಳನೆಯ ಪ್ಲಾಸ್ಟಿಕ್ ಹೊದಿಸಿರುತ್ತಾರೆ. ಒಂದು ಕಪ್ಪನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ ಕಾಗದವನ್ನು ಉಜ್ಜಿ ತೆಗೆದರೆ ಆ ಪೊರೆ ಕೈಗೆ ಸಿಗುತ್ತದೆ.

*ಕರಗುವ ಕವರ್ ಬಂದಿದೆಯಂತೆ?* ಬಂದಿದೆ. ಅವುಗಳಲ್ಲಿ ಹೆಚ್ಚಿನವು ಬಿಸಿ, ತೇವ ಕಾಯ್ದುಕೊಂಡ ದೊಡ್ಡ ಗೊಬ್ಬರ ಘಟಕದಲ್ಲಿ ಗೊಬ್ಬರವಾಗುತ್ತವೆ. ಮೋರಿಯಲ್ಲಿ ಬಿದ್ದರೆ ಅಷ್ಟು ಸುಲಭವಾಗಿ ಕರಗುವುದಿಲ್ಲ.

*ಕವರ್ ನಿಷೇಧ ಎನ್ನುತ್ತಾರೆ, ಅಂಗಡಿಯಲ್ಲಿ ಕೊಡುತ್ತಾರಲ್ಲ?* ಕಷ್ಟದ ಪ್ರಶ್ನೆ. ಕರ್ನಾಟಕ 2016ರ ಮಾರ್ಚ್‌ನಲ್ಲಿಯೇ ಕೈಚೀಲ, ತಟ್ಟೆ, ಲೋಟ, ಫ್ಲೆಕ್ಸ್ ಮುಂತಾದವನ್ನು ನಿಷೇಧಿಸಿತು. ಕೇಂದ್ರದ ನಿಯಮ ಬೇರೊಂದು ದಾರಿ ಹಿಡಿದು ಕೈಚೀಲದ ದಪ್ಪವನ್ನು ಹೆಚ್ಚಿಸುತ್ತ ಬಂತು: ಮೊದಲು 50 ಮೈಕ್ರಾನ್, 2021ರ ಸೆಪ್ಟೆಂಬರ್ 30ರಿಂದ 75, 2022ರ ಡಿಸೆಂಬರ್ 31ರಿಂದ 120. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ದಪ್ಪ ಚೀಲ ದುಬಾರಿ, ಹಾಗಾಗಿ ಪುಕ್ಕಟೆ ಕೊಡುವುದು ಕಷ್ಟ. ಗಾಳಿಗೆ ಹಾರುವುದು ಕಡಿಮೆ. ಆಯುವವರಿಗೂ ಬೆಲೆ ಸಿಗುತ್ತದೆ ಎಂಬುದು ಲೆಕ್ಕಾಚಾರ. ತಪಾಸಣೆ ಬಂದಾಗ ಒಳಗೆ ಸೇರಿ ಮರುದಿನ ಹೊರಬರುವ ತೆಳು ಕವರುಗಳನ್ನು ಮಕ್ಕಳೂ ನೋಡುತ್ತಾರೆ. ನಿಯಮ ಇರುವುದು, ಅದು ಜಾರಿಯಾಗುವುದು ಎರಡೂ ಒಂದೇ ಅಲ್ಲವೆಂದು ನೇರವಾಗಿ ಹೇಳುವುದೇ ಸರಿ.

ಯಾವ ವಯಸ್ಸಿಗೆ ಎಷ್ಟು?

ಐದಾರು ವರ್ಷದವರಿಗೆ ಮುಟ್ಟುವುದು, ವಿಂಗಡಿಸುವುದು ಸಾಕು. ಯಾವುದು ಹಸಿ, ಯಾವುದು ಒಣ ಎಂಬುದು ಅವರಿಗೆ ಆಟ. ಎಂಟು ಹತ್ತರವರಿಗೆ ಕುಂಡ, ನಕ್ಷೆ. ಅವರ ಹುಟ್ಟುಹಬ್ಬವೂ ಒಳ್ಳೆಯ ಪಾಠವೇ. 2022ರ ನಿಷೇಧದ ಪಟ್ಟಿಯಲ್ಲಿ ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಕ್ಯಾಂಡಿ ಕಡ್ಡಿ, ಐಸ್‌ಕ್ರೀಂ ಕಡ್ಡಿ, ತಟ್ಟೆ, ಲೋಟ, ಚಮಚ, ಸ್ಟ್ರಾ, ಸಿಹಿತಿಂಡಿ ಡಬ್ಬಿಯ ಮೇಲಿನ ಹಾಳೆ, ಆಮಂತ್ರಣ ಪತ್ರದ ಹೊದಿಕೆ, ಅಲಂಕಾರದ ಥರ್ಮಾಕೋಲ್ ಎಲ್ಲ ಇವೆ. ಸರ್ಕಾರದ ಅಧಿಸೂಚನೆ ಓದಿದರೆ ಹುಟ್ಟುಹಬ್ಬದ ಸಾಮಾನಿನ ಚೀಟಿ ಓದಿದಂತಾಗುತ್ತದೆ. ಯಾವುದಕ್ಕೆ ಯಾವುದು ಬದಲಿ ಎಂದು ಮಗುವೇ ಬರೆಯಲಿ. ಸ್ಟೀಲ್ ಲೋಟ ಎಣಿಸಿ ತರುವ, ತೊಳೆದು ಇಡುವ ಶ್ರಮ ಯಾರ ಮೇಲೆ ಬೀಳುತ್ತದೆ ಎಂಬುದನ್ನೂ ಬರೆಯಲಿ. ಸಾಮಾನ್ಯವಾಗಿ ಅದು ಅಮ್ಮನ ಮೇಲೆ ಬೀಳುತ್ತದೆ.

ಹನ್ನೆರಡು ದಾಟಿದವರಿಗೆ ಲೆಕ್ಕ ಕೊಡಬಹುದು. ಒಂದು ವಾರ ಮನೆಗೆ ಬಂದ ಹೊದಿಕೆಗಳನ್ನೆಲ್ಲ ತೊಳೆದು ಕೂಡಿಸಿಟ್ಟು, ಗುಜರಿಗೆ ಹೋಗುವವು, ಹೋಗದವು ಎಂದು ಎರಡು ರಾಶಿ ಮಾಡಲಿ. ಪ್ರತಿಯೊಂದರ ಮೇಲೂ ತಯಾರಿಸಿದವರ ಹೆಸರಿರುತ್ತದೆ. ತಾವು ಮಾರುಕಟ್ಟೆಗೆ ಬಿಟ್ಟ ಪ್ಲಾಸ್ಟಿಕ್ಕನ್ನು ಮರಳಿ ಸಂಗ್ರಹಿಸಿ ವಿಲೇವಾರಿ ಮಾಡಿಸುವ ಹೊಣೆ ತಯಾರಕರದ್ದೂ ಹೌದು ಎಂದು ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ. ‘ವಿಸ್ತರಿತ ಉತ್ಪಾದಕ ಹೊಣೆಗಾರಿಕೆ’ ಎಂಬ ಭಾರದ ಹೆಸರಿನ ಅರ್ಥ ಅಷ್ಟೆ. ಇಷ್ಟು ತಿಳಿದರೆ, ಎಲ್ಲ ತಪ್ಪೂ ಕವರ್ ಹಿಡಿದ ತನ್ನ ಕೈಯದೇ ಎಂಬ ಭಾರ ಮಗುವಿನ ತಲೆಯಿಂದ ಇಳಿಯುತ್ತದೆ.

ದೊಡ್ಡವರ ಜಗಳ

‘ತೊಂದರೆ ಎಂದು ಗೊತ್ತಿದ್ದರೂ ತಯಾರಿಸುವುದನ್ನು ಯಾಕೆ ನಿಲ್ಲಿಸುವುದಿಲ್ಲ?’ ಎಂದು ಪ್ರೌಢಶಾಲೆಯ ಮಗು ಕೇಳಿಯೇ ಕೇಳುತ್ತದೆ. ಇದೇ ಪ್ರಶ್ನೆಯ ಮೇಲೆ ದೇಶಗಳು ಜಗಳವಾಡುತ್ತಿವೆ. ಪ್ಲಾಸ್ಟಿಕ್ ಮಾಲಿನ್ಯ ತಡೆಯಲು ಎಲ್ಲ ದೇಶಗಳನ್ನೂ ಕಟ್ಟುವ ಒಂದು ಒಪ್ಪಂದ ಬೇಕೆಂದು 2022ರ ಮಾರ್ಚ್‌ನಲ್ಲಿ ನೈರೋಬಿಯ ವಿಶ್ವಸಂಸ್ಥೆ ಪರಿಸರ ಸಭೆ ನಿರ್ಧರಿಸಿತು. 2024ರ ಕೊನೆಗೆ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ, 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ನಡೆದ ಮಾತುಕತೆಗಳು ಒಪ್ಪಂದವಿಲ್ಲದೆ ಮುಗಿದವು. ಹೊಸ ಪ್ಲಾಸ್ಟಿಕ್ ತಯಾರಿಕೆಗೇ ಮಿತಿ ಹಾಕಬೇಕು ಎಂದು ಹಲವು ದೇಶಗಳು ಪಟ್ಟು ಹಿಡಿದಿವೆ. ತಯಾರಿಕೆಯ ತಂಟೆ ಬೇಡ, ಕಸದ ನಿರ್ವಹಣೆ ಸರಿಪಡಿಸಿದರೆ ಸಾಕು ಎಂದು ತೈಲ ಉತ್ಪಾದಿಸುವ ದೇಶಗಳು ವಾದಿಸುತ್ತಿವೆ. ಚರ್ಚಾಸ್ಪರ್ಧೆಗೆ ವಿಷಯ ಹುಡುಕುತ್ತಿರುವ ಶಿಕ್ಷಕರು ಇದನ್ನೇ ಕೊಡಬಹುದು. ಪರ, ವಿರೋಧ ಎರಡಕ್ಕೂ ಬೇಕಾದಷ್ಟು ಸಾಮಗ್ರಿ ಇದೆ, ಥರ್ಮಾಕೋಲಿನ ಖರ್ಚೂ ಇಲ್ಲ.